ಅತ್ತಿಗೆಯ ತೋಟಕ್ಕೆ ನನ್ನ 11 ಪಾಯಿಂಟು: ಒಂದು ಪ್ರಕರಣ ಅಧ್ಯಯನ

ಇದನ್ನ ಬರೀಲಾ ಅಂತ ಅತ್ತಿಗೇನ ಕೇಳಿದ್ದಕ್ಕೆ "ನನ್ನ ಹೆಸರೊಂದು ಹಾಕ್ಬೇಡ, ನಿನ್ನ ಮರ್ಯಾದೆ ಎಷ್ಟು ಬೇಕಾದ್ರೂ ಕಳ್ಕೋ" ಅಂದ್ರು, ಆ ಪರ್ಮಿಶನ್ ಮೇಲೆ ಬರೀತಿದೀನಿ. ಒಬ್ರು ಹೊಸದಾಗಿ ಮೊಬೈಲಲ್ಲಿ ಚಿತ್ರ ಬಿಡಿಸೋಕೆ ಕೂತೋರು, ಇನ್ನೊಬ್ರು ಇದ್ರಲ್ಲೇ ಹೊಟ್ಟೆ ಹೊರ್ಕೊಳೋರು, ಮಧ್ಯ ಒಂದು ಚಿತ್ರ. ಜುಲೈಯಿಂದ ಅಕ್ಟೋಬರ್ ತನಕ ಯಾರು ಏನು ಹೇಳಿದ್ರು ಅನ್ನೋದು ವಾಟ್ಸಾಪಲ್ಲಿ ತಾರೀಕು ಸಮೇತ ಬಿದ್ದಿದೆ, ಹಾಗಾಗಿ ಬರೀ ನೆನಪಿನ ಮೇಲೆ ಬರೀತಿಲ್ಲ, ಸ್ಕ್ರೋಲ್ ಮಾಡ್ತಾ ಬರೀತಿದೀನಿ, ಕೆಲವು ಕಡೆ ನನ್ನ ಮೆಸೇಜ್ ನಂಗೇ ಓದಕ್ಕಾಗ್ತಿಲ್ಲ.

ನಾನು ಬೆಂಗಳೂರಲ್ಲಿ ಪ್ಯಾಕೇಜಿಂಗ್ ಡಿಸೈನರ್. ಉಪ್ಪಿನಕಾಯಿ ಲೇಬಲ್ಲು, ಕಾಫಿಪುಡಿ ಪೌಚು, ಊದಿನಕಡ್ಡಿ ಡಬ್ಬಿ, 14 ವರ್ಷದಿಂದ ಇದೇ. ಜೂನಿಯರ್‌ಗಳ ಕೆಲಸ ನೋಡಿ ಇದು ತೆಗಿ, ಅದು ಜರುಗ್ಸು, ಈ ಬಣ್ಣ ಇಳ್ಸು ಅನ್ನೋದಕ್ಕೇ ಅರ್ಧ ಸಂಬಳ. ಅತ್ತಿಗೆ ಅಂದ್ರೆ ಅಣ್ಣನ ಹೆಂಡ್ತಿ, 43 ವರ್ಷ, ಸಾಗರದ ಹತ್ರ ನಮ್ಮ ಹಳೇ ಮನೇಲಿ ಇರೋದು. ಮನೆ ಎದುರು ಇಳಿಜಾರಲ್ಲಿ ಅಡಿಕೆ ತೋಟ, ಅದರಾಚೆ ಸೊಪ್ಪಿನ ಬೆಟ್ಟ, ಜಗುಲಿ ತುದೀಲಿ ಒಂದೇ ಒಂದು ಜಾಗದಲ್ಲಿ ನೆಟ್‌ವರ್ಕ್. ಮಗಳು ಸ್ಕೂಲ್ ಪೋಸ್ಟರಿಗೆ ಅಂತ ಅವರ ಫೋನಿಗೆ ಐಬಿಸ್ ಪೇಂಟ್ ಅನ್ನೋ ಚಿತ್ರ ಬಿಡಿಸೋ ಆ್ಯಪ್ ಹಾಕಿದ್ಲು, ಪೋಸ್ಟರ್ ಮುಗೀತು ಅವಳು ಬಿಟ್ಲು, ಇವರು ಹಿಡ್ಕೊಂಡ್ರು. ಮೊದ್ಲು ಬೆರಳಲ್ಲಿ, ಆಮೇಲೆ ಪೇಟೆ ಮೊಬೈಲ್ ಅಂಗಡೀಲಿ 180 ರೂಪಾಯಿಗೆ ಸಿಕ್ಕ ರಬ್ಬರ್ ತುದಿ ಸ್ಟೈಲಸಲ್ಲಿ. ಫ್ರೀ ವರ್ಶನ್ ಆದ್ರಿಂದ ಕೆಲವು ಬ್ರಷ್ ಬೇಕಂದ್ರೆ ಆ್ಯಡ್ ನೋಡ್ಬೇಕು, "ಒಂದು ಸೋಗೆಗೆ ಒಂದು ಆ್ಯಡು" ಅಂತ ಅವರ ಲೆಕ್ಕ (ಸೋಗೆ ಅಂದ್ರೆ ಅಡಿಕೆ ಮರದ ಗರಿ). ಕೈ ಏನೂ ಹೊಸದಲ್ಲ, ಅವರ ಚುಕ್ಕಿ ರಂಗೋಲಿ ನೋಡಿದೋರಿಗೆ ಗೊತ್ತು, ಗೆರೆ ಒಂದೂ ಅದುರಲ್ಲ. ಹೊಸದು ಅಂದ್ರೆ ಬಣ್ಣ, ಬೆಳಕು, ದೂರ ಹತ್ರ ಇವೆಲ್ಲ.

ಮೊದಲ ಚಿತ್ರ

ಜುಲೈ ಮೂರನೇ ವಾರ, ರಾತ್ರಿ ಹತ್ತು ಗಂಟೆ ಹತ್ರ ಚಿತ್ರ ಬಂತು, ಕೆಳಗೆ ಒಂದೇ ಪದ, "ಹೇಗಿದೆ?"

ಹೇಗಿತ್ತು ಅಂತ ಈಗ ಸಮಾಧಾನವಾಗಿ ಹೇಳ್ತೀನಿ. ಮಧ್ಯದಲ್ಲಿ ಅಡಿಕೆ ಮರ, ಒಟ್ಟು 14, ಆದ್ರೆ ನಿಜಕ್ಕೂ ಬಿಡಿಸಿದ್ದು ಒಂದೇ, ಉಳಿದ 13 ಅದರದ್ದೇ ಕಾಪಿ, ಎಲ್ಲಾ ಮರದ ಎಡಗಡೆ ಸೋಗೆ ಒಂದೇ ಥರ ಮುರಿದಿತ್ತು. ಕಾಂಡ ಚಾಕೊಲೇಟ್ ಬ್ರೌನ್, ಸುತ್ತ ಕಪ್ಪು ಔಟ್‌ಲೈನ್. ಎಲೆ, ಹುಲ್ಲು, ಬೆಟ್ಟ ಎಲ್ಲದಕ್ಕೂ ಕಲರ್ ವೀಲಿನ ಮೂಲೆಯಿಂದ ನೇರ ತೆಗೆದ ಗಿಳಿ ಹಸಿರು. ಮಳೆ ಅಂತ ರೆಡಿಮೇಡ್ ಬ್ರಷ್ಷಲ್ಲಿ ಬಿಳೀ ಓರೆ ಗೆರೆ, ಅಳತೆ ಇಟ್ಟು ಹೊಡೆದಂಗೆ. ಮಳೆ ಬೀಳ್ತಿರೋ ಹಾಗೇ ಬಲಗಡೆ ಮೇಲೆ ಒಂದಷ್ಟು ನೀಲಿ ಆಕಾಶ, ಅಲ್ಲಿಂದ ಕೆಳಗೆ ತೋಟದ ಮೇಲೆ ಹಳದಿ ಪಟ್ಟಿ. ಮುಂದುಗಡೆ ಪಿಂಕ್ ದಾಸವಾಳ. ಎರಡು ಹಕ್ಕಿ, ಹಕ್ಕಿ ಅಂದ್ರೆ ತಲಕಟ್ಟು, ನಾವೆಲ್ಲ ಒಂದನೇ ಕ್ಲಾಸಲ್ಲಿ ಹಾಕಿದ್ದೇ.

ನಾನು ಏನ್ ಮಾಡ್ಬೇಕಿತ್ತು, ಏನ್ ಮಾಡಿದೆ. ಮೊದ್ಲು "ಸಕತ್ತಾಗಿದೆ ಅತ್ತಿಗೆ" ಅಂತ ಹಾಕಿ, ಅದರ ಹಿಂದೇನೇ 7 ನಿಮಿಷದ ವಾಯ್ಸ್ ನೋಟ್ ಕಳ್ಸಿದೆ, 11 ಪಾಯಿಂಟು. ಈ ಕೇಸಿಗೋಸ್ಕರ ಮತ್ತೆ ಕೇಳಿದೆ, ದೇವ್ರಾಣೆ ಆಫೀಸ್ ಮೀಟಿಂಗ್ ಥರಾನೇ ಇದೆ. ಕಾಪಿ ಪೇಸ್ಟ್ ಕಾಣುತ್ತೆ, ಔಟ್‌ಲೈನ್ ಬೇಡ, ಸ್ಯಾಚುರೇಶನ್ (ಬಣ್ಣದ ಗಾಢತೆ) ಜಾಸ್ತಿ, ವ್ಯಾಲ್ಯೂ (ಕತ್ತಲೆ ಬೆಳಕಿನ ವ್ಯತ್ಯಾಸ) ಫ್ಲ್ಯಾಟು, ಅಟ್ಮಾಸ್ಫಿಯರಿಕ್ ಪರ್ಸ್ಪೆಕ್ಟಿವ್ ಇಲ್ಲ (ದೂರ ಹೋದಷ್ಟೂ ಬಣ್ಣ ಸಪ್ಪೆ ಆಗೋದು, ಈ ಪದಾನ ಮಾಮೂಲಿ ಮಾತಲ್ಲಿ ಬಿಡಿಸಿ ಹೇಳೋ ಕೆಲಸಾನೂ ಮಾಡಿಲ್ಲ), ಹೂವು ಕಣ್ಣು ಎಳೆಯುತ್ತೆ, ಹಕ್ಕಿ ತೆಗೀರಿ, ಹೀಗೆ. ಆರನೇ ಪಾಯಿಂಟು ನೆನಪಿಟ್ಕೊಳಿ, ಮುಂದೆ ಬೇಕಾಗುತ್ತೆ: "ಮಳೆ ಬರ್ತಿದೆ ಅಂದ್ಮೇಲೆ ನೀಲಿ ಆಕಾಶ ಬಿಸಿಲು ಎಲ್ಲಾ ಹೇಗೆ ಅತ್ತಿಗೆ, ಮೂಡ್ ಒಂದೇ ಇರ್ಬೇಕಲ್ವಾ."

ಅಷ್ಟಕ್ಕೆ ನಿಂತಿದ್ರೂ ಆಗ್ತಿತ್ತು. ನಿದ್ದೆ ಬರಲಿಲ್ಲ ಅಂತ ಅವರ ಚಿತ್ರಾನ ನನ್ನ ಐಪ್ಯಾಡಿಗೆ ಎಳ್ಕೊಂಡು ಪ್ರೊಕ್ರಿಯೇಟ್ ಅನ್ನೋ ಆ್ಯಪಲ್ಲಿ ಅದರ ಮೇಲೇ ಬಿಡಿಸಿದೆ, ಮುಕ್ಕಾಲು ಗಂಟೆ. ಆಕಾಶ ಪೂರ್ತಿ ಬೂದು ಮಾಡಿದೆ, ಹಳದಿ ಪಟ್ಟಿ ಅಳ್ಸಿದೆ, ಬೆಟ್ಟಕ್ಕೆ ಮಂಜು ಹಾಕಿದೆ, ಮರ ಒಂದೊಂದೂ ಬೇರೆ ಮಾಡಿದೆ, ಹೂವು ತೆಗೆದೆ. "ನೋಡಿ ಹೀಗೆ ಮಾಡ್ಬೋದಿತ್ತು" ಅಂತ ಕಳ್ಸಿದ್ದು ಎಲ್ಲಿಗೆ ಅಂದ್ರೆ ಅವರೊಬ್ರಿಗಲ್ಲ, ಅವರು ಚಿತ್ರ ಹಾಕಿದ್ದ ಫ್ಯಾಮಿಲಿ ಗ್ರೂಪಿಗೇ. ಬೆಳಿಗ್ಗೆ ಎದ್ದು ನೋಡಿದ್ರೆ ಚಿಕ್ಕಪ್ಪ, ಶಿವಮೊಗ್ಗದ ಅತ್ತೆ, ಅಮೆರಿಕದಲ್ಲಿರೋ ಕಸಿನ್ನು, ಎಲ್ಲರದ್ದೂ ವಾವ್ ಸೂಪರ್, ನನ್ನ ಚಿತ್ರಕ್ಕೆ. ಅತ್ತಿಗೆದು ಒಂದು ಥಂಬ್ಸ್ ಅಪ್. ಅಲ್ಲಿಂದ ಗೌರಿ ಹಬ್ಬದ ತನಕ ಚಿತ್ರದ ಸುದ್ದಿನೇ ಇಲ್ಲ. ಫೋನ್ ಮಾಡಿದಾಗೆಲ್ಲ ಮಳೆ, ಕರೆಂಟು, ಜಿಗಣೆ, ಮಗಳ ಜ್ವರ ಎಲ್ಲಾ ಬರ್ತಿತ್ತು, ಅದೊಂದು ಬರ್ತಿರ್ಲಿಲ್ಲ. ನಂಗೂ ಏನೋ ಕಡೀತಿತ್ತು ಆದ್ರೆ ಬಿಜಿ ಇರ್ಬೇಕು ಅಂತ ಅನ್ಕೊಳೋದು ಸುಲಭ ಇತ್ತು, ಅನ್ಕೊಂಡೆ.

ಇಲ್ಲೊಂದು ಮಾತು. ಒಬ್ರ ಚಿತ್ರದ ಮೇಲೆ ಬಿಡಿಸಿ ತೋರ್ಸೋದು ತಪ್ಪು ಅಂತ ನಾನು ಹೇಳ್ತಿಲ್ಲ. ಸ್ಟುಡಿಯೋಲಿ ದಿನಾ ಮಾಡ್ತೀವಿ, ಪೇಂಟ್ ಓವರ್ ಅಂತಾನೇ ಹೆಸರು, ಬೇರೆ ಲೇಯರಲ್ಲಿ (ಚಿತ್ರದ ಮೇಲೆ ಇಡೋ ಪಾರದರ್ಶಕ ಹಾಳೆ ಥರ) ಕೆಂಪು ಗೆರೆ ಎಳೆದು ತೋಳು ಉದ್ದ ಆಯ್ತು, ಈ ನೆರಳು ಆ ಕಡೆ ಅಂತ ತೋರಿಸಿದ್ರೆ ಹತ್ತು ಮಾತು ಉಳಿಯುತ್ತೆ. ಆದ್ರೆ ಅಲ್ಲಿ ಕೂತಿರೋ ಹುಡುಗ ಅದಕ್ಕೆ ಒಪ್ಪಿ ಬಂದಿರ್ತಾನೆ, ಆ ಗೆರೆ ತೆಗೆದ್ರೆ ಅವನ ಚಿತ್ರ ಹಂಗೇ ಇರುತ್ತೆ. ನಾನು ಮಾಡಿದ್ದು ಕೆಂಪು ಗೆರೆ ಅಲ್ಲ, ಅವರ ಮನೇಗೆ ಹೋಗಿ ಅವರ ಸಾರಿಗೆ ಕೇಳ್ದೇನೇ ಉಪ್ಪು ಹುಳಿ ಹಾಕಿ ನೆಂಟರಿಗೆ ಬಡಿಸಿದ್ದು.

ಜಗುಲಿ ಮೇಲೆ

ಗೌರಿ ಹಬ್ಬಕ್ಕೆ ಊರಿಗೆ ಹೋದೆ. ಹಬ್ಬದ ಮಾರನೇ ದಿನ ಮಧ್ಯಾಹ್ನ, ಊಟ ಆಗಿ ಜಗುಲಿ ಮೇಲೆ ನಾನು ಅತ್ತಿಗೆ ಇಬ್ರೇ. ಬೆಳಿಗ್ಗೆಯಿಂದ ಒಂದೇ ಸಮ ಹೊಡೀತಿದ್ದ ಮಳೆ ಪಟ್ ಅಂತ ನಿಂತು, ಬೆಟ್ಟದ ಮೇಲೆ ಮೋಡ ಇಷ್ಟೇ ಇಷ್ಟು ಹರಿದು, ಅಲ್ಲಿಂದ ಬಿಸಿಲು ಬಂದು ತೋಟದ ಮಧ್ಯದ ಒಂದು ಸಾಲಿನ ಮೇಲೆ ಬಿತ್ತು. ಉಳಿದದ್ದೆಲ್ಲ ಕಪ್ಪಗೇ ಇತ್ತು. ಬಿಸಿಲು ಬಿದ್ದಲ್ಲೂ ಇನ್ನೂ ಸಣ್ಣಗೆ ಹನಿ ಉದುರ್ತಿತ್ತು.

ಅತ್ತಿಗೆ ಕೈ ತೋರಿಸಿ "ಇದೇ" ಅಂದ್ರು.

"ಏನು ಇದೇ?"

"ನಾನು ಬಿಡಿಸಿದ್ದು ಮಾರಾಯ್ತಿ. ಹೊಳವು."

ಮಲೆನಾಡಿನ ಹೊರಗಿನೋರಿಗೆ: ಜಡಿಮಳೆ ಮಧ್ಯ ಒಂದರ್ಧ ಗಂಟೆ, ಒಂದು ಗಂಟೆ ಬಿಡುವು ಕೊಡುತ್ತಲ್ಲ, ಅದು ಹೊಳವು. ಅಡಿಕೆ ಮನೇಲಿ ಅದು ಬರೀ ಚಂದ ನೋಡೋ ವಿಷಯ ಅಲ್ಲ. ಜೂನಲ್ಲಿ ಒಂದು ಸಲ ಔಷಧಿ ಹೊಡೆದು 40-45 ದಿನಕ್ಕೆ ಎರಡನೇ ಸಲ ಹೊಡೀಬೇಕು, ಅಂದ್ರೆ ಜುಲೈ ಮೂರನೇ ವಾರ ಸರಿಯಾಗಿ ಅದರ ಟೈಮು. ಔಷಧಿ ಅಂದ್ರೆ ಬೋರ್ಡೋ, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಹೊಡೆದ ತಕ್ಷಣ ಮಳೆ ಬಂದ್ರೆ ತೊಳೆದು ಹೋಯ್ತು, ಹೊಡೀದೇ ಬಿಟ್ರೆ ಕೊಳೆ ರೋಗ ಬಂದು ಎಳೇ ಕಾಯಿ ಉದುರಿ ಹೋಯ್ತು. ಆ ವಾರ ಕೊನೆಗೌಡ, ಅಂದ್ರೆ ಮರ ಹತ್ತೋನು, ಮೂರು ದಿನ ಬಂದು ನಮ್ಮ ಜಗುಲಿ ಮೇಲೆ ಕೂತು ಕವಳ (ಎಲೆ ಅಡಿಕೆ) ಹಾಕಿ ಮಳೆ ನೋಡಿ ವಾಪಸ್ ಹೋಗಿದ್ನಂತೆ. ನಾಲ್ಕನೇ ದಿನ ಎರಡು ಗಂಟೆಗೆ ಹೊಳವಾಯ್ತು. ಮನೆ ಮಂದಿ ಎಲ್ಲಾ ಆಕಾಶ ನೋಡ್ಕೊಂಡು ನಿಂತಿದ್ದ ಆ ಐದು ನಿಮಿಷ, ಅದು ಅತ್ತಿಗೆ ಚಿತ್ರ. ನೀಲಿ ಆಕಾಶದ ತುಂಡು, ಹಳದಿ ಪಟ್ಟಿ, ನಿಲ್ಲದ ಮಳೆ.

ನಾನು ಆರನೇ ಪಾಯಿಂಟಲ್ಲಿ ತಪ್ಪು ಅಂದಿದ್ದು, ರಾತ್ರಿ ಕೂತು ಅಳ್ಸಿದ್ದು ಅದನ್ನೇ. ನನ್ನ ವರ್ಶನ್ ಚೆನ್ನಾಗಿತ್ತು, ಈಗಲೂ ಚೆನ್ನಾಗೇ ಇದೆ, ಯಾವುದಾದ್ರೂ ಹೋಂಸ್ಟೇ ಬ್ರೋಶರಿಗೆ ಹಾಕ್ಬೋದು. ಆದ್ರೆ ಅದ್ರಲ್ಲಿ ಏನೂ ಆಗ್ತಿಲ್ಲ, ಬರೀ ಮಳೆಗಾಲ.

"ಹೇಳ್ಬೋದಿತ್ತಲ್ಲ ಅತ್ತಿಗೆ ಆಗ್ಲೇ" ಅಂದೆ. "ನೀನು ಕೇಳಿದ್ಯಾ" ಅಂದ್ರು, ಅಂದು ಸ್ವಲ್ಪ ಹೊತ್ತು ಬಿಟ್ಟು "ನಾನೂ ಹೇಳ್ಬೇಕಿತ್ತು ಬಿಡು, ಹೇಗಿದೆ ಅಂತ ಕೇಳಿದ್ರೆ ನೀನಾದ್ರೂ ಎಂತ ಹೇಳ್ತೀಯ, ಇದ್ದಬದ್ದದ್ದೆಲ್ಲ ಹೇಳ್ದೆ" ಅಂದ್ರು. ಅದು ನಿಜಾನೇ. ಹೇಗಿದೆ ಅನ್ನೋದು ನಮ್ಮಲ್ಲಿ ಪ್ರಶ್ನೆನೇ ಅಲ್ಲ ಎಷ್ಟೋ ಸಲ, ಚೆನ್ನಾಗಿದೆ ಅನ್ಸ್ಕೊಳೋಕೆ ಚಾಚಿದ ಕೈ ಅದು, ನನ್ನಂತೋರು ಅದನ್ನ ಪ್ರಶ್ನೆ ಅಂತ ತಗೊಂಡು ಉತ್ತರ ಪತ್ರಿಕೆ ತಿದ್ದಿಬಿಡ್ತೀವಿ.

ಟೈಮ್‌ಲ್ಯಾಪ್ಸಲ್ಲಿ ಸಿಕ್ಕಿದ್ದು

ಈ ಕೇಸಲ್ಲಿ ನಂಗೆ ಅತಿ ಮುಖ್ಯ ಅನ್ಸೋದು ಈ ಭಾಗ. ಐಬಿಸ್ ಪೇಂಟ್ ನೀವು ಬಿಡಿಸೋದನ್ನೆಲ್ಲ ತಾನೇ ರೆಕಾರ್ಡ್ ಮಾಡಿ ಇಟ್ಕೊಂಡಿರುತ್ತೆ, ಆಮೇಲೆ ವಿಡಿಯೋ ಥರ ಓಡಿಸಿ ನೋಡ್ಬೋದು. ಅದೇ ಸಂಜೆ ಇಬ್ರೂ ಕೂತು ಆ ಮೊದಲ ಚಿತ್ರದ ವಿಡಿಯೋ ಹಾಕಿದ್ವಿ.

ಮೊದಲ ದಿನದ ಚಿತ್ರ ನೋಡಿ ನಾನು ವಿಡಿಯೋ ನಿಲ್ಲಿಸ್ದೆ. ಬೆಟ್ಟ ಕಡು ನೀಲಿ ಕಪ್ಪು, ತೋಟದ ಎರಡೂ ಕಡೆ ಕಪ್ಪು ಹಸಿರು, ಮಧ್ಯ ಒಂದೇ ಪಟ್ಟಿ ಬೆಳಕು. ಮರ ಬರೀ ಮೂರೋ ನಾಲ್ಕೋ ಗೆರೆ. ಹೊಳವು ಅಲ್ಲೇ ಇತ್ತು, ಪೂರ್ತಿ ಇತ್ತು. "ಇದ್ಯಾಕೆ ಹೋಯ್ತು ಅತ್ತಿಗೆ?" ಅಂದ್ರೆ, ಅಣ್ಣ ಹಿಂದಿನಿಂದ ಬಗ್ಗಿ ನೋಡಿ "ಎಂತಕ್ಕೆ ಇಷ್ಟು ಕತ್ಲೆ, ಬ್ರೈಟ್ ಮಾಡು" ಅಂದಿದ್ನಂತೆ. ವಿಡಿಯೋದಲ್ಲಿ ಕಾಣುತ್ತೆ, ಎರಡನೇ ದಿನ ಶುರುವಲ್ಲೇ ಬೆಟ್ಟ ಗಿಳಿ ಹಸಿರಾಯ್ತು. ಆಮೇಲೆ ಮಗಳು "ಅಮ್ಮಾ ಹೂವು ಹಾಕು", ಪಿಂಕ್ ದಾಸವಾಳ ಬಂತು. ಯಾರೋ "ಮರ ಕಮ್ಮಿ ಆಯ್ತು" ಅಂದ್ರು, ಒಂದೇ ಮರ ಟಕಟಕ ಅಂತ 14 ಆಯ್ತು. ಅಂದ್ರೆ ನಾನು 11 ಪಾಯಿಂಟಲ್ಲಿ ಬೈದಿದ್ರಲ್ಲಿ ಮುಕ್ಕಾಲು ಪಾಲು ಅತ್ತಿಗೆ ತಪ್ಪೇ ಅಲ್ಲ, ನನಗಿಂತ ಮುಂಚೆ ಬಂದಿದ್ದ ಫೀಡ್‌ಬ್ಯಾಕು! ಹೊಸಬರು ಎಲ್ಲರ ಮಾತೂ ಕೇಳ್ತಾರೆ, ಅದೇ ಅವರ ಕಷ್ಟ, ಯಾರ ಮಾತು ಬಿಡ್ಬೇಕು ಅನ್ನೋದಕ್ಕೆ ತಕ್ಕಡಿ ಇನ್ನೂ ಕೈಗೆ ಬಂದಿರಲ್ಲ. ಈಗ ಯಾರ ಡಿಜಿಟಲ್ ಚಿತ್ರ ನೋಡೋಕೆ ಕೂತ್ರೂ ನಾನು ಮೊದ್ಲು ರೆಕಾರ್ಡಿಂಗ್ ಇದ್ಯಾ ಅಂತ ಕೇಳ್ತೀನಿ. ಮುಗಿದ ಚಿತ್ರದಲ್ಲಿ ಇಲ್ದೇ ಇರೋದು ಅಲ್ಲಿ ಸಿಗುತ್ತೆ.

ಹಾಗಂತ ಟೆಕ್ನಿಕಲ್ ತಪ್ಪೇ ಇರ್ಲಿಲ್ಲ ಅಂತಲ್ಲ. ಹೊಳವು ಹೊಳವಿನ ಥರ ಕಾಣ್ತಿರ್ಲಿಲ್ಲ, ಅದು ಸತ್ಯ, ಇಲ್ಲಾಂದ್ರೆ ನಂಗ್ಯಾಕೆ ಗೊತ್ತಾಗ್ಲಿಲ್ಲ, ನಾನೂ ಅದೇ ಜಗುಲಿಲಿ ಬೆಳೆದೋಳು. ಅದನ್ನ ತೋರ್ಸೋಕೆ ಒಂದು ಸಣ್ಣ ಉಪಾಯ ಮಾಡಿದೆ. ಎಲ್ಲದಕ್ಕಿಂತ ಮೇಲೆ ಹೊಸ ಲೇಯರ್, ಪೂರ್ತಿ ಕಪ್ಪು ತುಂಬಿ, ಬ್ಲೆಂಡಿಂಗ್ ಮೋಡ್ (ಮೇಲಿನ ಲೇಯರ್ ಕೆಳಗಿನದರ ಜೊತೆ ಹೇಗೆ ಬೆರೀಬೇಕು ಅನ್ನೋದು) 'ಸ್ಯಾಚುರೇಶನ್' ಇಟ್ರೆ ಕೆಳಗಿನ ಬಣ್ಣ ಎಲ್ಲಾ ಹೋಗಿ ಬ್ಲ್ಯಾಕ್ ಅಂಡ್ ವೈಟ್ ಆಗುತ್ತೆ. ಹಾಕಿದ್ವಿ. ಬೆಟ್ಟ, ತೋಟ, ಹುಲ್ಲು, ಬಿಸಿಲಿನ ಪಟ್ಟಿ ಎಲ್ಲಾ ಸೇರಿ ಒಂದೇ ಬೂದು ಕಂಬಳಿ. ದಾಸವಾಳ ಕೂಡ ಅದರೊಳಗೇ ಮುಳುಗಿ ಹೋಯ್ತು. ಅತ್ತಿಗೆ ಲೇಯರಿನ ಕಣ್ಣು ಒತ್ತಿ ಒತ್ತಿ ಬಣ್ಣ ಬರ್ಸಿ ತೆಗ್ಸಿ ನಾಲ್ಕೈದು ಸಲ ನೋಡಿದ್ರು. ಆಮೇಲೆ ಮೊದಲ ದಿನದ ಫ್ರೇಮಿನ ಸ್ಕ್ರೀನ್‌ಶಾಟಿಗೆ ಅದೇ ಲೇಯರ್ ಹಾಕಿದ್ವಿ, ಅಲ್ಲಿ ಪಟ್ಟಿ ಎದ್ದು ನಿಂತಿತ್ತು.

"ಅಂದ್ರೆ ಬೆಳಕು ಬೆಳಕಾಗೋಕೆ ಸುತ್ತ ಕತ್ಲೆ ಬೇಕು ಅಷ್ಟೇ ತಾನೆ" ಅಂದ್ರು. ನನ್ನ ವಾಯ್ಸ್ ನೋಟಲ್ಲಿ "ವ್ಯಾಲ್ಯೂ ಫ್ಲ್ಯಾಟಾಗಿದೆ" ಅಂತಿದ್ದಿದ್ದು ಇದೇ, ಆದ್ರೆ ಆ ಮಾತಿಂದ ಯಾರು ಏನ್ ಮಾಡ್ಬೇಕು?

ಬಣ್ಣದ ವಿಷಯಕ್ಕೂ ಹಂಗೇ. ಸ್ಯಾಚುರೇಶನ್ ಜಾಸ್ತಿ ಅನ್ನೋ ಬದ್ಲು ಜಗುಲಿಯಿಂದ ಒಂದು ಫೋಟೋ ತೆಗೆದು, ಆ್ಯಪಿಗೆ ಹಾಕಿ, ಕಲರ್ ಪಿಕ್ಕರಲ್ಲಿ ಬೆಟ್ಟದ ಮೇಲೆ ಒತ್ತಿ ಬಂದ ಬಣ್ಣಾನ ಬಿಳೀ ಲೇಯರ್ ಮೇಲೆ ಬಳೀರಿ ಅಂದೆ. ಬಳಿದ್ರು. "ಇದೆಂತದು, ಬೂದಿ! ಹಸಿರೇ ಇಲ್ಲ ಇದ್ರಲ್ಲಿ." ಮತ್ತೊಂದು ಕಡೆ ಒತ್ತಿದ್ರೂ ಬೂದಿ, ಸ್ವಲ್ಪ ನೀಲಿ ಬೂದಿ. ದೂರ ಹೋದಷ್ಟೂ ನಡುವೆ ಗಾಳಿ, ನೀರಿನ ಹಬೆ ಜಾಸ್ತಿ, ಅದರ ಬೆಳಕು ಸೇರ್ಕೊಂಡು ಬಣ್ಣ ಸಪ್ಪೆ ಆಗುತ್ತೆ, ಆದ್ರೆ ತಲೆ ಮಾತ್ರ "ಬೆಟ್ಟ ಹಸಿರು" ಅಂತ ಬಾಯಿಪಾಠ ಒಪ್ಪಿಸ್ತಾ ಇರುತ್ತೆ. ಅದೇ ಬೂದೀನ ಚಿತ್ರದಲ್ಲಿ ತೋಟದ ಹಿಂದೆ ಬಳಿದಾಗ ಹಸಿರು ಬೆಟ್ಟಾನೇ ಕಾಣ್ತು. ಇದು ಅವರಿಗೆ ಎಷ್ಟು ಮಜಾ ಕೊಡ್ತು ಅಂದ್ರೆ ರಾತ್ರಿ ಊಟಕ್ಕೆ ಕೂತಾಗ ಬಸಳೆ ಸೊಪ್ಪಿನ ಹುಳಿ, ಅಪ್ಪನ ಪಂಚೆ, ಎಲ್ಲದರ ಮೇಲೂ ಪಿಕ್ಕರ್ ಒತ್ತಿ ನೋಡಿದ್ದು. ನಾನು ರುಮಾಲೆ ಚನ್ನಬಸವಯ್ಯನೋರ ಒಂದೆರಡು ಚಿತ್ರ ಫೋನಲ್ಲಿ ತೋರಿಸ್ದೆ, ಬೆಂಗಳೂರಿನ ಗುಲ್‌ಮೊಹರ್, ಜಕರಂಡ ಮರಗಳನ್ನ ಸ್ಥಳದಲ್ಲೇ ಕೂತು ಬಿಡಿಸ್ತಿದ್ದೋರು, ನೆರಳಲ್ಲಿ ಏನೇನು ಬಣ್ಣ ಇಟ್ಟಿರ್ತಾರೆ ಅಂತ. ಅತ್ತಿಗೆ ಅದನ್ನ ಝೂಮ್ ಮಾಡಿ ನೋಡಿದ್ರು, ಆದ್ರೆ ಅವರಿಗೆ ಹಿಡಿಸಿದ್ದು ಬೂದೀನೇ.

ಗಿಳಿ ಹಸಿರಿಗೆ ಇನ್ನೊಂದು ಕಾರಣಾನೂ ಸಿಕ್ತು, ಅವರ ಫೋನಿನ ಡಿಸ್‌ಪ್ಲೇ 'ವಿವಿಡ್' ಮೋಡಲ್ಲಿತ್ತು, ಬ್ರೈಟ್ನೆಸ್ ಅರ್ಧ. ಅವರಿಗೆ ಕಂಡ ಹಸಿರೇ ಬೇರೆ ನಂಗೆ ಕಂಡಿದ್ದೇ ಬೇರೆ. ಜೊತೆಗೆ ವಾಟ್ಸಾಪ್ ಚಿತ್ರಾನ ಹಿಂಡಿ ಕಳ್ಸುತ್ತೆ, ಡಾಕ್ಯುಮೆಂಟ್ ಅಂತ ಕಳ್ಸಿದ್ರೆ ಇದ್ದಂಗೇ ಹೋಗುತ್ತೆ. ಇನ್ನೊಬ್ರ ಬಣ್ಣಕ್ಕೆ ಬೈಯೋ ಮುಂಚೆ ಎರಡು ಸ್ಕ್ರೀನಲ್ಲಿ ನೋಡೋದು ಒಳ್ಳೇದು.

ಅಪ್ಪ ಬಂದ್ರು

ಆ ಊಟಕ್ಕೂ ಮುಂಚೆ, ಸಂಜೆ, ಅಪ್ಪ ಕಾಫಿ ಹಿಡ್ಕೊಂಡು ಬಂದು ಫೋನ್ ಇಸ್ಕೊಂಡ್ರು. ಕನ್ನಡಕ ಮೇಲೆ ಕೆಳಗೆ ಮಾಡಿ, ಫೋನ್ ದೂರ ಹಿಡ್ದು, "ಇದು ಯಾರ ತೆಂಗಿನ ತೋಟ?"

ಅತ್ತಿಗೆ "ಮಾವ, ನಮ್ಮನೆ ಅಡಿಕೆ ತೋಟ" ಅಂದ್ರು.

"ಅಡಿಕೆ ಆದ್ರೆ ಕೊನೆ ಎಲ್ಲಿ ಬಿಡುತ್ತೆ?"

ಕೊನೆ ಅಂದ್ರೆ ನಮ್ಮ ಕಡೆ ಅಡಿಕೆ ಗೊನೆ. ಚಿತ್ರದಲ್ಲಿ ಅದು ಸೋಗೆ ಮಧ್ಯ, ತೆಂಗಿನಕಾಯಿ ಇರೋ ಜಾಗದಲ್ಲಿ ಇತ್ತು. ಅಡಿಕೆ ಮರದಲ್ಲಿ ಸೋಗೆ ಕೆಳಗೆ ಹಾಳೆಗಳು, ಅಂದ್ರೆ ಸೋಗೆ ಬುಡದ ಅಗಲ ಭಾಗ, ಒಂದರ ಮೇಲೊಂದು ಸುತ್ತಿ ನುಣ್ಣಗೆ ಹಸಿರು ಕೊಳವೆ ಥರ ಇರುತ್ತೆ, ಕೊನೆ ಬಿಡೋದು ಅದರಿಂದಲೂ ಕೆಳಗೆ, ಹಳೇ ಹಾಳೆ ಬಿದ್ದುಹೋದ ಜಾಗದಲ್ಲಿ. ಆ ಹಸಿರು ಕೊಳವೆನೇ ಚಿತ್ರದಲ್ಲಿ ಇರ್ಲಿಲ್ಲ. ಕಾಂಡ ಬ್ರೌನ್ ಅಲ್ಲ, ಬೂದು, ಮಳೆಗೆ ನೆನೆದು ಕಪ್ಪಗಾಗಿರುತ್ತೆ, ಅದರ ಮೇಲೆ ಕಲ್ಲುಹೂವಿನ ಬಿಳೀ ತೇಪೆ, ಹಾಳೆ ಬಿದ್ದ ಗುರುತಿನ ಉಂಗುರ, ಕೆಳಗೆ ಅರ್ಧಕ್ಕೆ ಮೆಣಸಿನ ಬಳ್ಳಿ.

ಅತ್ತಿಗೆ ಜೋರಾಗಿ ನಗೋಕೆ ಶುರು ಮಾಡಿದ್ರು, "ಅಯ್ಯೋ ಹೌದಲ್ಲ ಮಾವ, ದಿನಾ ನೋಡೋದೇ ನಾನು." ನಾನೂ ನಕ್ಕೆ. ಆಗ ಅವರು ಸುಮ್ನೆ ಗ್ರೂಪಲ್ಲಿ ಮೇಲೆ ಹೋಗಿ ನನ್ನ ಚಿತ್ರ ತೆಗೆದು ನನ್ನ ಮುಂದೆ ಹಿಡಿದ್ರು. ಒಂದೊಂದು ಮರಾನೂ ಬೇರೆ ಬೇರೆ, ಎಷ್ಟು ಚಂದ ಲೈಟಿಂಗು, ಎಲ್ಲಾ ಮರದಲ್ಲೂ ಕೊನೆ ಸೋಗೆ ಮಧ್ಯ. 14 ತೆಂಗಿನ ಮರ.

14 ವರ್ಷದ ಅನುಭವ, ಅಡಿಕೆ ದುಡ್ಡಲ್ಲಿ ಓದಿದೋಳು ನಾನು. ಎಲ್ಲಿಂದ ಬಂತು ಇದು ಅಂತ ಯೋಚನೆ ಮಾಡಿದ್ರೆ ಇಬ್ರದ್ದೂ ಒಂದೇ ಮೂಲ. ಎರಡು ಗುಡ್ಡ, ಮಧ್ಯ ಸೂರ್ಯ, ಅಲ್ಲಿಂದ ನದಿ, ಪಕ್ಕದಲ್ಲಿ ಬಾಗಿದ ತೆಂಗಿನ ಮರ, ಸ್ಕೂಲಲ್ಲಿ ನೂರು ಸಲ ಬಿಡಿಸಿದ ಆ ಚಿತ್ರ. ಉದ್ದ ಕಾಂಡ ಅಂತ ಬಂದ ತಕ್ಷಣ ಕೈ ತೆಂಗು ಬರೆದುಬಿಡುತ್ತೆ, ಕಣ್ಣನ್ನ ಕೇಳೋದೇ ಇಲ್ಲ. ಆ ಸಂಜೆ ಫೀಡ್‌ಬ್ಯಾಕ್ ತಗೊಳೋದು ಹೇಗಿರುತ್ತೆ ಅಂತ ನಂಗೂ ಸ್ವಲ್ಪ ಗೊತ್ತಾಯ್ತು, ನಗು ಮುಖ ಇಟ್ಕೊಂಡಿದ್ದೆ ಆದ್ರೆ ಕಿವಿ ಬಿಸಿ ಆಗಿತ್ತು, ಮನಸ್ಸಲ್ಲಿ ಮೊದ್ಲು ಬಂದ ಮಾತು "ಅದು ಸ್ಟೈಲೈಸೇಶನ್" ಅಂತ. ಬಾಯಿಗೆ ಬರ್ಲಿಲ್ಲ ಪುಣ್ಯ.

ಅಪ್ಪನ ಮಾತಿಗೆ ಅತ್ತಿಗೆ ನಕ್ಕಿದ್ದು, ನನ್ನ ಮಾತಿಗೆ ಒಂದೂವರೆ ತಿಂಗ್ಳು ಚಿತ್ರದ ಸುದ್ದಿ ಎತ್ತದೇ ಇದ್ದಿದ್ದು ಯಾಕೆ ಅಂತ ಆಮೇಲೆ ಕೇಳಿದೆ. ಹಿರಿಯರು ಅಂತ ಅನ್ಕೊಂಡಿದ್ದೆ, ಅದಲ್ವಂತೆ. "ಮಾವ ಮರದ ವಿಷಯ ಹೇಳಿದ್ರು, ಎದ್ದು ಹೋಗಿ ಮರ ನೋಡಿದ್ರೆ ಆಯ್ತು. ನೀನು ನಂಗೆ ಬರಲ್ಲ ಅಂತ ಹೇಳ್ದೆ, ಅದಕ್ಕೆ ಎಲ್ಲಿ ಹೋಗಿ ಎಂತ ನೋಡೋದು?" ಅಂದ್ರು. ನಾನು ಹಂಗೆ ಹೇಳಿಲ್ಲ ಅನ್ನೋಕೆ ಬಾಯಿ ತೆಗೆದೆ, 7 ನಿಮಿಷದ ವಾಯ್ಸ್ ನೋಟ್ ನೆನಪಾಯ್ತು.

ಅಡ್ಡಮಾತು, ಆದ್ರೂ ಹೇಳ್ತೀನಿ. ನಮ್ಮ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆ ಮೇಲೆ ಬರಿಯೋ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ನೆರಳು ಅಂತ ಒಂದಿಲ್ಲ, ದೂರ ಹತ್ರ ಇಲ್ಲ, ಯಾರೂ ಅದಕ್ಕೆ ವ್ಯಾಲ್ಯೂ ಸರಿಯಿಲ್ಲ ಅನ್ನಲ್ಲ. ಅತ್ತಿಗೆ ಹಂಗೆ ಗೆರೇಲೇ ತೋಟ ಬಿಡಿಸ್ಬೇಕು ಅಂತಿದ್ದಿದ್ರೆ ನನ್ನ 11ರಲ್ಲಿ ಹತ್ತು ಪಾಯಿಂಟು ಕಸ. ಹೊಳವು ತೋರಿಸ್ಬೇಕು ಅಂದಿದ್ದಕ್ಕೆ ಕತ್ತಲೆ ಬೆಳಕಿನ ಮಾತು ಬಂತು.

ಎರಡನೇ ಸುತ್ತು

ನಾನು ಬೆಂಗಳೂರಿಗೆ ಹೊರಡೋ ದಿನ ಅತ್ತಿಗೆ ಮೂರು ಷರತ್ತು ಹಾಕಿದ್ರು: ಒಂದು ಸಲಕ್ಕೆ ಒಂದೇ ಹೇಳು, ಗ್ರೂಪಲ್ಲಿ ಹೇಳ್ಬೇಡ, ನನ್ನ ಚಿತ್ರದ ಮೇಲೆ ನೀನು ಕೈ ಹಾಕ್ಬೇಡ. ಮೂರನೇದಕ್ಕೆ ನಾನು ಸ್ವಲ್ಪ ಚೌಕಾಸಿ ಮಾಡಿದೆ, ಕೆಂಪು ಗೆರೆ ಹಾಕ್ಬೋದಾ ಅಂತ. "ಕೇಳಿ ಹಾಕು" ಅಂದ್ರು.

ಸೆಪ್ಟೆಂಬರ್ ಪೂರ್ತಿ ಹಂಗೇ ನಡೀತು. ಮೆಸೇಜು ಈಗ "ಹೇಗಿದೆ" ಅಂತ ಬರಲ್ಲ. "ಬಿಸಿಲು ಬಿದ್ದಿರೋದು ಯಾವ ಸಾಲಿಗೆ ಅಂತ ಗೊತ್ತಾಗುತ್ತಾ?" ಅಂತ ಬರುತ್ತೆ. ನಾನು ಫೋನ್ ದೂರ ಹಿಡ್ದು, ಕಣ್ಣು ಅರ್ಧ ಮುಚ್ಚಿ ನೋಡಿ, ಗೊತ್ತಾಗುತ್ತೆ ಅಥವಾ ಗೊತ್ತಾಗಲ್ಲ, ಅಷ್ಟೇ. ಒಂದು ಸಲ ಗೊತ್ತಾಗಲ್ಲ ಅಂದೆ, ಯಾಕೆ ಅಂದ್ರು, ಹಿಂದಿನ ಸಾಲಿನ ಸೋಗೆನೂ ಅಷ್ಟೇ ಬೆಳ್ಳಗಿದೆ ಅಂದೆ. ಅವರು ಹಿಂದಿನ ಸಾಲಿನ ಮೇಲೆ ಒಂದು ಮಲ್ಟಿಪ್ಲೈ ಲೇಯರ್ (ಕೆಳಗಿನದನ್ನ ಕಪ್ಪಗೆ ಮಾಡೋದು) ಇಟ್ಟು ತೆಳು ನೀಲಿ ಬೂದಿ ಬಳಿದು ಕಳ್ಸಿದ್ರು, ನಾನು ಹೇಳ್ಕೊಟ್ಟಿದ್ದಲ್ಲ, ಎಲ್ಲೋ ವಿಡಿಯೋ ನೋಡಿ ಕಲ್ತಿದ್ದು. ಇನ್ನೊಂದು ಸಲ ಕ್ಯಾನ್ವಾಸನ್ನ ಅಡ್ಡಡ್ಡ ತಿರುಗಿಸಿ ನೋಡಿ ಅಂದೆ, ಕನ್ನಡೀಲಿ ನೋಡಿದಂಗೆ, ತಿರುಗಿಸಿದ್ರೆ ಇಡೀ ತೋಟ ಎಡಕ್ಕೆ ವಾಲಿತ್ತು, "ಥೂ ಇಷ್ಟು ದಿನ ಕಾಣಲೇ ಇಲ್ಲ" ಅಂತ ವಾಯ್ಸ್ ನೋಟ್ ಬಂತು, ನಗು ಜಾಸ್ತಿ ಮಾತು ಕಮ್ಮಿ. ಮರ ಮತ್ತೆ ಐದು ಬಿಡಿಸಿದ್ರು, ಬೇರೆ ಬೇರೆ, ಉಳಿದದ್ದು ಆ ಐದರ ಕಾಪಿನೇ ಆದ್ರೆ ತಿರುಗಿಸಿ, ಎತ್ತರ ಬದ್ಲಿಸಿ, ಹಿಂದೆ ಮಸುಕು ಮಾಡಿ. ಅವರ ಫೋನಲ್ಲಿ ಲೇಯರ್ ಜಾಸ್ತಿ ಆದ್ರೆ ಆ್ಯಪ್ ಒದ್ದಾಡುತ್ತೆ, ಹಾಗಾಗಿ ಕಾಪಿ ಬೇಡವೇ ಬೇಡ ಅನ್ನೋ ನನ್ನ ಶಾಸ್ತ್ರ ಅಲ್ಲಿ ನಡೆಯಲ್ಲ.

ಎಲ್ಲಾ ಮಾತೂ ಕೇಳಿದ್ರು ಅಂತೇನಿಲ್ಲ. ದಾಸವಾಳ ಉಳೀತು. ನಾನು ಎರಡು ಸಲ ಹೇಳಿದೆ, ಎರಡನೇ ಸಲ "ಅದು ಅವಳು ಕೇಳಿದ ಹೂವು, ಇರಲಿ" ಅಂದ್ರು. ಪಿಂಕ್ ಹೋಗಿ ನೆರಳಲ್ಲಿರೋ ಕೆಂಪು ಆಯ್ತು ಅಷ್ಟೇ. ಆ ಹೂವು ಅಲ್ಲಿ ಬೇಡ ಅಂತ ನಂಗೆ ಇವತ್ತಿಗೂ ಅನ್ಸುತ್ತೆ. ತಲಕಟ್ಟು ಹಕ್ಕಿ ಅವರೇ ತೆಗೆದ್ರು, ಈ ಸಲ ಯಾರೂ ಮತ್ತೆ ಹೇಳ್ದೇನೇ. ಅಣ್ಣ ಮತ್ತೆ ಒಂದಿನ ಬಗ್ಗಿ ನೋಡಿ "ಸ್ವಲ್ಪ ಬ್ರೈಟ್" ಅಂದ್ನಂತೆ, "ಎಲ್ಲಿ ಬ್ರೈಟು, ಬೆರಳಿಟ್ಟು ತೋರ್ಸಿ" ಅಂದ್ರಂತೆ ಅತ್ತಿಗೆ. ಅವನು ಬೆರಳಿಟ್ಟಿದ್ದು ಬಿಸಿಲಿನ ಪಟ್ಟಿ ಮೇಲೆ! ಸರಿಯಾಗೇ ಹೇಳ್ದ, ಅದನ್ನ ಇನ್ನೊಂದು ಚೂರು ಏರಿಸಿದ್ರು.

ಮಳೆ ಗೆರೆ ಒಂದು ವಾರ ತಿಂತು. ಹೊಳವಲ್ಲಿ ಹನಿ ಕಾಣೋದು ಹಿಂದೆ ಕಪ್ಪಿದ್ದ ಕಡೆ ಮಾತ್ರ, ಆಕಾಶದ ಎದುರಿಗೆ ಕಾಣೋದೇ ಇಲ್ಲ, ಇದು ನಂಗೆ ಗೊತ್ತಿರ್ಲಿಲ್ಲ, ಅತ್ತಿಗೆ ಕೂತು ನೋಡಿ ಹೇಳಿದ್ದು. ರೆಡಿಮೇಡ್ ಮಳೆ ಬ್ರಷ್ ಬಿಟ್ಟು ಕೈಯಲ್ಲೇ ಗೆರೆ ಎಳೆದ್ರು, ರಂಗೋಲಿ ಕೈ ಆದ್ರಿಂದ ಒಂದೂ ಅದುರಿಲ್ಲ, ಕಪ್ಪು ಬೆಟ್ಟದ ಮುಂದೆ ಹತ್ತಿಪ್ಪತ್ತು ಗೆರೆ ಅಷ್ಟೇ.

ಅಕ್ಟೋಬರಲ್ಲಿ ನವರಾತ್ರಿಗೆ ಹೋದಾಗ ಚಿತ್ರ ಮುಗಿದಿತ್ತು. ನಂಗೆ ತೋರಿಸೋ ಮುಂಚೆ ಅಪ್ಪನ ಕೈಗೆ ಕೊಟ್ರು. ಕೊನೆ ಎಲ್ಲಾ ಹಾಳೆ ಕೆಳಗೆ ಸರಿಯಾದ ಜಾಗಕ್ಕೆ ಬಂದಿತ್ತು, ಅದರ ಮೇಲೆ, ಕಾಂಡದ ಮೇಲೆ ಅಲ್ಲಲ್ಲಿ ತಿಳಿ ನೀಲಿ ಕಲೆ, ಬೋರ್ಡೋ ಹೊಡೆದ್ಮೇಲೆ ಉಳಿಯುತ್ತಲ್ಲ ಅದು, ಬೇರೆಯೋರಿಗೆ ಬಹುಶಃ ಕಾಣಲ್ಲ. ಅಪ್ಪ ಕನ್ನಡಕ ಸರಿ ಮಾಡಿ, ಫೋನ್ ದೂರ ಹಿಡ್ದು, ಹತ್ರ ಹಿಡ್ದು, ಬೆರಳಲ್ಲಿ ದೊಡ್ಡ ಮಾಡಿ ಒಂದೊಂದೇ ಮರ ನೋಡ್ತಾ ಹೋದ್ರು. ಚಿತ್ರದ ಬಗ್ಗೆ ಏನೂ ಹೇಳ್ಲಿಲ್ಲ.

"ಈ ಬದೀಲಿರೋ ಎರಡು ಮರಕ್ಕೆ ಔಷಧಿ ಹೊಡ್ದೇ ಇಲ್ವಲ್ಲ, ಯಾರು ಹತ್ತಿದ್ದು ಅಲ್ಲಿ?"

"ಕೊನೆಗೌಡಂಗೆ ಹೇಳ್ತೀನಿ ಮಾವ" ಅಂದ್ರು ಅತ್ತಿಗೆ, ಫೋನ್ ವಾಪಸ್ ಇಸ್ಕೊಂಡು, ಅಲ್ಲೇ ಬಾಗಿಲ ಹತ್ರ ನಿಂತ್ಕೊಂಡೇ ಸ್ಟೈಲಸ್ ತೆಗೆದ್ರು.